ಟಿವಿಗೊಂದು ರಜೆ

ಸಾಸಿವೆ ಡಬ್ಬಿಗೆಂದು ಶೆಲ್ಫಿಗೆ ಕೈ ಹಾಕಿದರೆ ಟಿವಿಯ ರಿಮೋಟ್ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೆಂದು ಕೇಳಬೇಡಿ, ಇಟ್ಟವಳು ನಾನೇ. ಏಕೆ ಇಟ್ಟೆ ಎಂದು ಕೇಳಿದರೆ ಮಾತ್ರ ನೀವು ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ, ನಾನು ಒಗ್ಗರಣೆ ಸೌಟನ್ನು ಒಲೆಯಿಂದ ಇಳಿಸಬೇಕಾಗುತ್ತದೆ. ಇಳಿಸಿದ್ದೇನೆ, ಕೂತುಕೊಳ್ಳಿ.

ಈ ರಿಮೋಟಿಗೆ ಅಂಗಡಿಯವನು ತೊಡಿಸಿದ ಪ್ಲಾಸ್ಟಿಕ್ ಕವರು ಇನ್ನೂ ಹಾಗೇ ಇದೆ. ನಮ್ಮ ಮನೆಯಲ್ಲಿ ರಿಮೋಟಿನ ಕವರು, ಸೋಫಾದ ಕವರು, ಸ್ಕೂಟರ್ ಸೀಟಿನ ಕವರು ಬಿಚ್ಚುವ ಪದ್ಧತಿಯಿಲ್ಲ. ವಸ್ತು ಹಾಳಾಗುವುದಿದ್ದರೂ ಹೊಸದಾಗಿಯೇ ಹಾಳಾಗಬೇಕು. ಧ್ವನಿ ಜೋರು ಮಾಡುವ ಗುಂಡಿಯ ಮೇಲೆ ಮಾತ್ರ ಕವರು ಸವೆದು ತೂತಾಗಿದೆ. ನಮ್ಮ ಮಾವನವರು ಸರ್ಕಾರಿ ಫ್ಯಾಕ್ಟರಿಯೊಂದರ ಪ್ರೆಸ್ ಶಾಪಿನಲ್ಲಿ, ತಗಡು ಒತ್ತಿ ಕತ್ತರಿಸುವ ಯಂತ್ರಗಳ ನಡುವೆ, ಕೆಲಸ ಮಾಡಿ, ಕಿವಿಗಳನ್ನು ಅಲ್ಲಿಯೇ ಬಿಟ್ಟು ನಿವೃತ್ತರಾದವರು. ಅವರು ವಾರ್ತೆ ಕೇಳಿದರೆ ಇಡೀ ಬೀದಿಯೇ ಕೇಳಿದ ಹಾಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬೆಳಕು, ಕನ್ನಡಿ, ಪತನ ಕೋನ, ಪ್ರತಿಫಲನ ಕೋನ ಎಂದು ಬೋರ್ಡಿನ ಮೇಲೆ ಬರೆದು ಬರೆದು ಬಲಗೈ ರಟ್ಟೆ ನೋಯುತ್ತದೆ. ಶಾಲೆಯ ಹಿಂದಿನ ಹುಣಸೆಮರದಲ್ಲಿ ದೆವ್ವ ಇದೆ ಎಂದ ಮಕ್ಕಳಿಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದೇನೆ. ಈಗ ಹೇಳುವುದನ್ನು ಆ ಮಕ್ಕಳು ಯಾರೂ ಓದದಿದ್ದರೆ ಸಾಕು.

ಆರಿದ ಟಿವಿಯ ಮುಂದೆ ಕೂರಬಾರದು ಎಂಬುದು ನಮ್ಮ ಅಜ್ಜಿಯ ಕಾನೂನಾಗಿತ್ತು. ಆನೇಕಲ್ಲಿನ ನಮ್ಮ ಮನೆಗೆ ಟಿವಿ ಬಂದಾಗ ನಾನಿನ್ನೂ ಲಂಗ ತೊಡುತ್ತಿದ್ದೆ. ಮರದ ಪೆಟ್ಟಿಗೆ, ಅಕ್ಕಪಕ್ಕ ಸರಿಯುವ ಬಾಗಿಲು, ಬಾಗಿಲಿಗೆ ಬೀಗ. ವಾರ್ತೆ ಓದುವವರು ಕಾಣಿಸಿಕೊಂಡ ಕೂಡಲೇ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅದಕ್ಕೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಟಿವಿ ಆರಿಸಿದ ಮೇಲೆ ಅವಳು ಮಾಡುತ್ತಿದ್ದುದಕ್ಕೆ ಮಾತ್ರ ನಗು ಬರುತ್ತಿರಲಿಲ್ಲ. ಆಗಿನ ಟಿವಿಗಳು ಒಮ್ಮೆಗೇ ಆರುತ್ತಿರಲಿಲ್ಲ, ನಿಮಗೂ ನೆನಪಿರಬಹುದು. ಗಾಜಿನ ನಡುವೆ ಒಂದು ಬಿಳಿ ಚುಕ್ಕೆ ಉಳಿದು, ಚಿಕ್ಕದಾಗುತ್ತಾ ಆಗುತ್ತಾ ಒಳಕ್ಕೆ ಹೋಗುತ್ತಿತ್ತು. ಅದು ಪೂರ್ತಿ ಹೋಗುವ ತನಕ ಅಜ್ಜಿ ನಿಂತೇ ಇದ್ದು, ಆಮೇಲೆ ಬಾಗಿಲೆಳೆದು, ಅದರ ಮೇಲೆ ತನ್ನ ಹಳೇ ಸೀರೆಯ ತುಂಡು ಹೊದಿಸುತ್ತಿದ್ದಳು.

"ಯಾಕಜ್ಜೀ?" ಎಂದು ಕೇಳಿದ್ದಕ್ಕೆ, "ಇಷ್ಟೊತ್ತು ನಾವು ಅವ್ರನ್ನ ನೋಡಿದ್ದಾಯ್ತು. ಇನ್ನು ಅವ್ರು ನಮ್ಮನ್ನ ನೋಡ್ತಾರೆ. ಮುಚ್ಚಮ್ಮ ಬಾಗ್ಲ" ಎಂದಿದ್ದಳು.

ಒಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಬಾಗಿಲು ಸರಿಸಿ ನೋಡಿದೆ. ಗಾಜಿನೊಳಗೆ ಒಬ್ಬ ಹುಡುಗಿ ಕೂತಿದ್ದಳು. ನಾನೇ, ಗೊತ್ತು. ಆದರೆ ಕನ್ನಡಿಯಲ್ಲಿ ಕಾಣುವ ನನಗಿಂತ ಕಪ್ಪಗೆ, ತುಂಬ ದೂರದಲ್ಲಿದ್ದಳು. ಅವಳ ಹಿಂದೆ ನಮ್ಮ ನಡುಮನೆಯ ಬಾಗಿಲು. ಆ ಬಾಗಿಲಲ್ಲಿ ಯಾರೋ ಹಾದುಹೋದರು. ತಿರುಗಿದರೆ ಯಾರೂ ಇಲ್ಲ. ಹಾದುಹೋದವರು ನಮ್ಮಮ್ಮ ಎಂದು ನಾನು ತೀರ್ಮಾನಿಸಿಕೊಂಡೆ. ಅಮ್ಮ ಆಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸದ್ದು ಕೇಳುತ್ತಿತ್ತು, ಆದರೂ ಹಾಗೆಯೇ ತೀರ್ಮಾನಿಸಿಕೊಂಡೆ. ನಾನು ವಿಜ್ಞಾನದ ಟೀಚರ್ ಆಗುವ ಲಕ್ಷಣ ಆಗಲೇ ಇತ್ತು.

ಮದುವೆಯಾಗಿ ಪೀಣ್ಯಕ್ಕೆ ಬಂದೆ. ನಮ್ಮ ಮನೆ ಎರಡನೇ ಹಂತದಲ್ಲಿ, ಕಾರ್ಖಾನೆಗಳ ಬೆನ್ನಿಗೆ. ಬಂದ ಹೊಸತರಲ್ಲಿ ಅಡುಗೆಮನೆಯ ಲೋಟಗಳು ತಾವಾಗಿಯೇ ಕಿಣಿಕಿಣಿ ಎನ್ನುವುದನ್ನು ಕಂಡು ಹೌಹಾರಿದ್ದೆ. "ಹಿಂದ್ಗಡೆ ಪ್ರೆಸ್ ಓಡ್ತಾ ಇದೆ ಕಣಮ್ಮ, ವನಜಾ. ಅದು ಓಡಿದ್ರೆ ನಮ್ಮನೇಲಿ ಅನ್ನ ಬೇಯತ್ತೆ" ಎಂದು ಮಾವನವರು ಸಮಾಧಾನ ಮಾಡಿದ್ದರು. ಆ ಅದುರಿಕೆ ಎಷ್ಟು ಅಭ್ಯಾಸವಾಯಿತೆಂದರೆ, ತವರಿಗೆ ಹೋದರೆ ನೆಲ ಸುಮ್ಮನಿರುವುದಕ್ಕೇ ನಿದ್ದೆ ಬರುತ್ತಿರಲಿಲ್ಲ. ಪೀಣ್ಯದ ನೆಲ ಸುಮ್ಮನಾಗುವುದು ಭಾನುವಾರಗಳಂದು, ಮತ್ತು ಆಯುಧಪೂಜೆಯಂದು. ಭಾನುವಾರವಾದರೂ ಎಲ್ಲೋ ಒಂದು ಕಂಪ್ರೆಸರ್ ಗೊರಗೊರ ಎನ್ನುತ್ತಿರುತ್ತದೆ. ಆಯುಧಪೂಜೆಯ ಮಧ್ಯಾಹ್ನ, ಪೂಜೆ ಮುಗಿದು, ಬೂದುಗುಂಬಳ ಒಡೆದು, ಜನ ಸಿಹಿ ಡಬ್ಬಿ ಹಿಡಿದು ಮನೆಗೆ ಹೋದ ಮೇಲೆ, ಒಂದು ಯಂತ್ರವೂ ಉಸಿರಾಡುವುದಿಲ್ಲ. ಬೀದಿ ತುಂಬ ಕುಂಕುಮ ಬಳಿದ ಕುಂಬಳದ ಹೋಳುಗಳು ಬಿದ್ದಿರುತ್ತವೆ. ಕಾಗೆ ಕೂಗಿದ್ದು ಕೇಳುತ್ತದೆ. ನಿಂತ ಯಂತ್ರಗಳೆಲ್ಲ ಶೆಡ್ಡುಗಳ ಒಳಗಿನಿಂದ ನಮ್ಮ ಮಾತು ಕೇಳಿಸಿಕೊಳ್ಳುತ್ತಿವೆಯೋ ಎನಿಸುತ್ತದೆ.

ಮಾವನವರಿಗೆ ಮಾತ್ರ ವರ್ಷದಲ್ಲಿ ಅದೊಂದೇ ಹಬ್ಬ. ಮನೆಯ ಯಂತ್ರಗಳನ್ನೆಲ್ಲ ಒರೆಸಿ, ಗಂಧ ಕುಂಕುಮ ಕಲಸಿ, ಒಂದೊಂದಕ್ಕೂ ಬೊಟ್ಟಿಡುತ್ತಿದ್ದರು. ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ, ಫ್ರಿಜ್, ಕೊನೆಗೆ ಟಿವಿ. ಅವರ ಬಲಗೈ ಉಂಗುರದ ಬೆರಳಿನ ತುದಿಯನ್ನು ಪ್ರೆಸ್ಸು ಎಂದೋ ಓರೆಯಾಗಿ ಕತ್ತರಿಸಿಕೊಂಡಿತ್ತು. ಹಾಗಾಗಿ ಅವರಿಟ್ಟ ಬೊಟ್ಟು ದುಂಡಗೆ ಬರುತ್ತಿರಲಿಲ್ಲ, ಅರ್ಧಚಂದ್ರನಂತೆ ಬರುತ್ತಿತ್ತು. ಬೆರಳು ತಿಂದ ಜಾತಿಗೇ ಪೂಜೆ ಮಾಡುತ್ತೀರಲ್ಲ ಎಂದು ನಾನು ರೇಗಿಸಿದರೆ, "ತಪ್ಪು ಅದರದ್ದಲ್ಲಮ್ಮ. ಅವತ್ತು ಅದಕ್ಕೂ ಸುಸ್ತಾಗಿತ್ತು. ಮಿಷಿನ್‌ಗೂ ಒಂದಿನ ರಜೆ ಬೇಕು" ಎನ್ನುತ್ತಿದ್ದರು. ಬೊಟ್ಟಿಟ್ಟ ಮೇಲೆ ಮಾರನೆಯ ಬೆಳಿಗ್ಗೆ ಅವರೇ ಇನ್ನೊಮ್ಮೆ ಪೂಜೆ ಮಾಡಿ, ಒದ್ದೆ ಬಟ್ಟೆಯಿಂದ ಒರೆಸುವ ತನಕ ಮನೆಯಲ್ಲಿ ಯಾವ ಯಂತ್ರವೂ ಓಡಬಾರದು. ಆ ದಿನ ಚಟ್ನಿಗೂ ಒರಳೇ ಗತಿ.

ಟಿವಿಯನ್ನು ಗೋಡೆಗೆ ಹಾಕಿದವರೂ ಅವರೇ. ಅಂಗಡಿಯವರು ಕೊಟ್ಟ ಚೌಕಟ್ಟು ತಗಡಿನಂತಿದೆ ಎಂದು ಮೂದಲಿಸಿ, ಕಬ್ಬಿಣದ ಪಟ್ಟಿ ಬೆಸೆಯಿಸಿ ತಂದು, ದಪ್ಪ ಬೋಲ್ಟು ಹಾಕಿ ಬಿಗಿದಿದ್ದರು. ಭೂಕಂಪವಾದರೆ ಗೋಡೆ ಬೀಳಬಹುದು, ಟಿವಿ ಬೀಳುವುದಿಲ್ಲ.

ಸಂಜೆ ಆ ಟಿವಿಯ ಮುಂದೆ ಅವರ ಸಂಸಾರ ಕೂರುತ್ತಿದ್ದ ರೀತಿಯನ್ನು ನಿಮಗೆ ಸರಿಯಾಗಿ ಹೇಳಬೇಕು. ಅತ್ತೆ ಮುಂದೆ, ದಿವಾನದ ಮೇಲೆ. ಮಾವ ಹಿಂದೆ, ಗೋಡೆಗೊರಗಿಸಿದ ಬೆತ್ತದ ಕುರ್ಚಿಯಲ್ಲಿ. ಅತ್ತೆಗೆ ಟಿವಿ ನೋಡುತ್ತಾ ಮಾತಾಡುವ ಅಭ್ಯಾಸ. "ನೋಡಿದ್ರಾ ಇವಳ ಧಿಮಾಕು? ಇಂಥವಳಿಗೆ ಸೊಸೆ ಬೇಕಂತೆ. ಅಲ್ವೇನ್ರೀ?" ಎಂದು, ತಿರುಗಿ ನೋಡದೆ, ಟಿವಿಯನ್ನೇ ನೋಡುತ್ತಾ ಕೇಳುವರು. ಮಾವನವರಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಕೇಳಿಸಿದ್ದಕ್ಕೂ ಬಾಯಿಬಿಟ್ಟು ಉತ್ತರ ಹೇಳುತ್ತಿರಲಿಲ್ಲ, ಸುಮ್ಮನೆ ತಲೆಯಾಡಿಸುತ್ತಿದ್ದರು. ತಲೆಯಾಡಿಸಿದಾಗ ಬೆತ್ತದ ಕುರ್ಚಿ ಕಿರ್ರ್ ಎನ್ನುತ್ತಿತ್ತು. ಅತ್ತೆಗೆ ಆ ಸದ್ದೇ ಉತ್ತರ. ಅಷ್ಟು ವರ್ಷದ ದಾಂಪತ್ಯದಲ್ಲಿ ಒಂದು ಕುರ್ಚಿ ಎಷ್ಟು ಮಾತಾಡಿತ್ತೋ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸಂಜೆ, ನಾನು ಕಾಫಿ ಹಿಡಿದು ಬಂದಾಗ, ಟಿವಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅತ್ತೆ ಧಾರಾವಾಹಿಯ ಸೊಸೆಯನ್ನು ಬೈಯುತ್ತಾ, "ಅಲ್ವೇನ್ರೀ?" ಎಂದು ಕೇಳುತ್ತಿದ್ದರು. ಮಾವನವರ ಕೈಗೆ ಲೋಟ ಕೊಡಲು ಹೋದೆ. ಅವರ ಕೈ ತಣ್ಣಗಿತ್ತು. ಹೋಗಿ ಸ್ವಲ್ಪ ಹೊತ್ತಾಗಿರಬೇಕು ಎಂದರು ಡಾಕ್ಟರು. ಅಷ್ಟು ಹೊತ್ತೂ ಅತ್ತೆ ಅವರ ಜೊತೆ ಮಾತಾಡುತ್ತಲೇ ಇದ್ದರು. ಆ ಟಿವಿಯ ಗದ್ದಲದಲ್ಲಿ ಕುರ್ಚಿಯ ಸದ್ದು ನಿಂತಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಅಂದಿನಿಂದ ಅತ್ತೆ ಮಾತು ಬಿಟ್ಟರು. ಮೌನವ್ರತವಲ್ಲ. ಊಟ ಬೇಕಾ ಎಂದರೆ ಹೂಂ, ಸಾಕಾ ಎಂದರೆ ಸಾಕು. ಅಷ್ಟೇ. ಹಣೆಯ ಕುಂಕುಮವನ್ನೂ ಬಿಟ್ಟರು. ಬಿಡಿ ಎಂದು ಯಾರೂ ಹೇಳಲಿಲ್ಲ, ಬಿಡಬೇಡಿ ಎಂದು ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ದೇವರ ಮನೆಯ ಕುಂಕುಮದ ಭರಣಿಯನ್ನು ಅವರು ಮುಟ್ಟುವುದೇ ನಿಂತಿತು. ಸಂಜೆ ನಾವು ಟಿವಿ ಹಾಕಿದರೆ ದಿವಾನದ ಮೇಲೆ ಕೂರುವರು, ಕಣ್ಣು ಮಾತ್ರ ನೆಲದ ಮೇಲೆ. ದಿನದಿಂದ ದಿನಕ್ಕೆ ತುತ್ತು ಚಿಕ್ಕದಾಯಿತು, ಕೈಬಳೆ ಸಡಿಲವಾಗಿ ಮೊಣಕೈ ತನಕ ಸರಿಯತೊಡಗಿತು. ಇವರೂ ಹೀಗೇ ಸದ್ದಿಲ್ಲದೆ ಎದ್ದು ಹೋಗುತ್ತಾರೆಂದು ನನಗೆ ಭಯವಾಗುತ್ತಿತ್ತು. ಸೊಸೆಯಾದವಳು ಅತ್ತೆಯ ಬೈಗುಳಕ್ಕೆ ಹಾತೊರೆದದ್ದನ್ನು ನೀವು ಬೇರೆಲ್ಲೂ ಕೇಳಿರಲಾರಿರಿ. ನಾನು ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿ ನೋಡಿದೆ, ಅವರು ಸುಮ್ಮನೆ ಉಂಡೆದ್ದರು.

ಸಾವಾದ ವರ್ಷ ಹಬ್ಬ ಮಾಡುವ ಹಾಗಿಲ್ಲ. ಆಯುಧಪೂಜೆಯಂದು ಬೀದಿಗೆಲ್ಲ ಬಾಳೆಕಂದು, ಮಾವಿನೆಲೆ, ಹೂವು. ನಮ್ಮ ಮನೆ ಮಾತ್ರ ಬೋಳು. ಸ್ಕೂಟರಿಗೂ ಒಂದು ಹೂವಿಲ್ಲ. ಮಧ್ಯಾಹ್ನ ನಾನು ಮತ್ತು ನಮ್ಮವರು ತರಕಾರಿ ತರಲು ಹೊರಗೆ ಹೋದೆವು. ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಬಂದಾಗ ಎಂದಿನಂತೆ ದಿವಾನದ ಮೇಲೆ ಕೂತಿದ್ದರು. ಪ್ರೆಸ್ ನಿಂತಿದ್ದರಿಂದ ಅಡುಗೆಮನೆಯ ಲೋಟಗಳೂ ಮೌನವಾಗಿದ್ದವು. ಆ ಸಂಜೆ ಟಿವಿ ಹಾಕಬೇಕೆಂದು ಯಾರಿಗೂ ಅನಿಸಲಿಲ್ಲ.

ಮಾರನೆಯ ಸಂಜೆ ಹಾಕಿದರೆ, ಟಿವಿ ಹತ್ತಲಿಲ್ಲ.

ನಮ್ಮ ಜನ ಹತ್ತದ ಟಿವಿಗೆ ಮಾಡುವ ಉಪಚಾರಗಳನ್ನೆಲ್ಲ ಮಾಡಿದೆವು. ರಿಮೋಟನ್ನು ಅಂಗೈಗೆ ಬಡಿದೆವು. ಸೆಲ್ ತೆಗೆದು ಉರುಳಿಸಿ ಹಾಕಿದೆವು, ಬಿಸಿಲಿಗಿಟ್ಟೆವು, ಗಡಿಯಾರದ ಸೆಲ್ ಕಿತ್ತು ಇದಕ್ಕೆ ಹಾಕಿದೆವು. ಈಗ ಗಡಿಯಾರವೂ ನಿಂತಿತು. ಪ್ಲಗ್ಗಿಗೆ ಟೆಸ್ಟರ್ ಚುಚ್ಚಿದರೆ ಕರೆಂಟ್ ಬರುತ್ತಿದೆ. ಮಹಡಿಯ ರೂಮಿಗೆ ಬೇಸಿಗೆಯಲ್ಲಿ ಬಾಡಿಗೆಗೆ ಬಂದ ಯಾದಗಿರಿ ಕಡೆಯ ಮಲ್ಲವ್ವ ನೀರು ಕೇಳಲು ಇಳಿದು ಬಂದವಳು ಬಾಗಿಲಲ್ಲೇ ನಿಂತು ನೋಡಿ, "ಟೀವಿ ಹತ್ತವಲ್ದೇನ್ರಿ ಅಕ್ಕಾರ? ನೆತ್ತಿ ಮ್ಯಾಲ ಒಂದ್ ಏಟು ಹಾಕ್ರಿ, ತಾನಾ ಹತ್ತತೈತಿ" ಎಂದಳು. ಈಗಿನ ಟಿವಿಗೆ ನೆತ್ತಿ ಎಲ್ಲಿದೆ, ಹಪ್ಪಳದಷ್ಟು ದಪ್ಪ.

ಅಷ್ಟರಲ್ಲಿ ನನ್ನ ವಿಜ್ಞಾನ ಎದ್ದು ಕೂತಿತು. ರಿಮೋಟಿನಿಂದ ಹೊರಡುವುದು ಅವಕೆಂಪು ಕಿರಣ, ಕಣ್ಣಿಗೆ ಕಾಣುವುದಿಲ್ಲ, ಆದರೆ ಮೊಬೈಲಿನ ಕ್ಯಾಮೆರಾಕ್ಕೆ ಕಾಣುತ್ತದೆ. ರಿಮೋಟನ್ನು ಕ್ಯಾಮೆರಾದ ಎದುರು ಹಿಡಿದು ಒತ್ತಿದೆ. ಮೊಬೈಲಿನಲ್ಲಿ ನೇರಳೆ ಬಣ್ಣದ ಒಂದು ಚುಕ್ಕೆ ಮಿಣುಕಿ ಮಿಣುಕಿ ಆರಿತು. ರಿಮೋಟ್ ಮಾತಾಡುತ್ತಿದೆ, ಟಿವಿ ಕೇಳಿಸಿಕೊಳ್ಳುತ್ತಿಲ್ಲ ಎಂದು ನಾನು ಘೋಷಿಸಿದೆ. ಘೋಷಿಸಿದ ಮೇಲೆ ಏಕೋ ಮೈ ಜುಂ ಎಂದಿತು. ಆನೇಕಲ್ಲಿನ ಟಿವಿಯ ಬಿಳಿ ಚುಕ್ಕೆ ನೆನಪಾಗಿತ್ತು.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. "ಮೇಡಂ, ಟಿವಿ ಕೆಳಗಡೆ ರೆಡ್ ಲೈಟ್ ಕಾಣಿಸ್ತಿದ್ಯಾ?" ಎಂದಿತು ಒಂದು ಹೆಣ್ಣು ದನಿ.

"ಇಲ್ಲಮ್ಮ, ಯಾವ ಲೈಟೂ ಇಲ್ಲ."

"ಟಿವಿ ಹಿಂದ್ಗಡೆ ಒಂದು ಬಟನ್ ಇರತ್ತೆ, ಅದನ್ನ ಒತ್ತಿ ಹಿಡ್ಕೊಳ್ಳಿ ಮೇಡಂ."

ನಮ್ಮವರು ಗೋಡೆಗೂ ಟಿವಿಗೂ ನಡುವೆ ಬೆರಳು ತೂರಿಸಿ ನೋಡಿದರು. ಮಾವನವರ ಕಬ್ಬಿಣದ ಪಟ್ಟಿ ಸರಿಯಾಗಿ ಆ ಗುಂಡಿಗೇ ಕಾವಲು ನಿಂತಿತ್ತು. ಸಿಗುತ್ತಿಲ್ಲ ಎಂದೆ.

"ಸರಿ ಮೇಡಂ. ಟಿವಿಗೂ ನಿಮಗೂ ಮಧ್ಯೆ ಏನಾದ್ರೂ ಅಡ್ಡ ಇದ್ಯಾ, ಯಾರಾದ್ರೂ ನಿಂತಿದ್ದಾರಾ?"

"ಯಾರೂ ಇಲ್ಲಮ್ಮ" ಎಂದೆ.

ದಿವಾನದ ಮೇಲಿದ್ದ ಅತ್ತೆ ಸಣ್ಣಗೆ ನಕ್ಕರು. ಮಾವ ಹೋದ ಮೇಲೆ ಅದೇ ಮೊದಲ ನಗು. ನಾನೂ ನಮ್ಮವರೂ ಮುಖ ಮುಖ ನೋಡಿಕೊಂಡೆವು.

ಅಲ್ಲಿಂದ ಮುಂದೆ ನಡೆದದ್ದು ತಲೆಕೆಳಗು. ಟಿವಿ ಸತ್ತಿತು, ಅತ್ತೆ ಬದುಕಿದರು. ಮಾರನೆಯ ದಿನ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಅದರ ಮಾರನೆಯ ದಿನ, "ಸಾರಿಗೆ ಇಷ್ಟೊಂದು ಉಪ್ಪು ಯಾಕೆ ಸುರೀತೀಯೆ? ಸಮುದ್ರ ಏನಾದ್ರೂ ಪಕ್ಕದಲ್ಲಿದ್ಯಾ?" ಎಂದು ಬೈದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಆ ಬೈಗುಳ ನನಗೆ ಅಷ್ಟು ಸಿಹಿಯಾಗಿತ್ತು. ಆದರೆ ಸಂಜೆಯಾದರೆ ಅತ್ತೆ ಮುಖ ತೊಳೆದು, ತಲೆ ಬಾಚಿ, ಹತ್ತದ ಟಿವಿಯ ಮುಂದೆ ಹೋಗಿ ಕೂರುವರು. ಲೈಟ್ ಹಾಕಬೇಡ ಎನ್ನುವರು. ಆ ಕಪ್ಪು ಗಾಜನ್ನೇ ನೋಡುವರು, ಮೊದಲು ಧಾರಾವಾಹಿ ನೋಡುತ್ತಿದ್ದಂತೆ.

ಒಂದು ದಿನ ನಾನು ಶಾಲೆಯಿಂದ ಬಂದಾಗ ಮಲ್ಲವ್ವ ಮೆಟ್ಟಿಲ ಮೇಲೆ ಖಾಲಿ ಬಿಂದಿಗೆ ಹಿಡಿದು ಕೂತಿದ್ದಳು. "ಒಳಗೆ ಹೋಗೋದಲ್ವಾ, ಇಲ್ಲೇ ಕೂತಿದ್ದೀಯಲ್ಲ?" ಎಂದೆ.

"ಅವ್ವಾರು ಯಾರ ಜೋಡೀನೋ ಮಾತಾಡಾಕತ್ತಿದ್ರು ರೀ. ಮಂದಿ ಬಂದಾರ, ನಡುವ ಯಾಕ ಹೋಗ್ಲಿ ಅಂತ ಕುಂತೀನ್ರಿ" ಎಂದಳು.

ಒಳಗೆ ಹೋದರೆ ಅತ್ತೆ ಒಬ್ಬರೇ ಇದ್ದರು.

ನಮ್ಮವರಿಗೆ ಇದನ್ನೆಲ್ಲ ಹೇಳಿದೆ. ಅವರು ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್ ನೋಡಿಕೊಳ್ಳುವವರು, ಕೆಟ್ಟದ್ದನ್ನು ಇಟ್ಟುಕೊಳ್ಳಬಾರದು ಎಂಬುದು ಅವರ ಧರ್ಮ. "ಅಮ್ಮನ ತಲೆ ಕೆಡ್ತಾ ಇದೆ ವನಜಾ. ಕತ್ತಲಲ್ಲಿ ಹಾಗೆ ಕೂತ್ರೆ ಇನ್ನೇನಾಗತ್ತೆ? ಭಾನುವಾರ ಬೋಲ್ಟ್ ಬಿಚ್ಚಿ ಟಿವಿ ಇಳಿಸ್ತೀನಿ. ರಿಪೇರಿ ಆಗ್ಲಿಲ್ಲ ಅಂದ್ರೆ ಹಬ್ಬದ ಎಕ್ಸ್‌ಚೇಂಜ್‌ನಲ್ಲಿ ಹಾಕಿ ಹೊಸದು ತರೋಣ" ಎಂದರು. ಅವರದ್ದೂ ತಪ್ಪಲ್ಲ. ತಂದೆಯನ್ನು ಕಳೆದುಕೊಂಡವರು ತಾಯಿಯನ್ನೂ ಕಳೆದುಕೊಳ್ಳಲು ತಯಾರಿರಲಿಲ್ಲ. ಆದರೆ ಟಿವಿ ಹತ್ತಿದರೆ ಅತ್ತೆ ಮತ್ತೆ ಆರಿಹೋಗುತ್ತಾರೆ ಎಂಬ ಭಯ ನನಗೆ. ಹತ್ತದಿದ್ದರೆ ಅವರು ಎಲ್ಲಿಗೆ ಹೋಗಿಬಿಡುತ್ತಾರೋ ಎಂಬ ಭಯವೂ ನನಗೇ.

ಶುಕ್ರವಾರ ನೆಲ ಒರೆಸುತ್ತಾ ಟಿವಿಯ ಕೆಳಗೆ ಬಂದೆ. ಸೊಂಟ ಹಿಡಿದುಕೊಂಡಿತೆಂದು ಅಲ್ಲೇ ಕೂತು ತಲೆಯೆತ್ತಿದೆ. ಟಿವಿಯ ಕೆಳ ಅಂಚಿನ ನಡುವೆ, ರಿಮೋಟಿನ ಕಿರಣ ಹಿಡಿಯುವ ಕಣ್ಣು ಮತ್ತು ಕೆಂಪು ದೀಪ ಎರಡೂ ಇರುವ ಆ ಪುಟ್ಟ ಜಾಗವಿದೆಯಲ್ಲ, ನಿಂತವರಿಗೆ ಅದು ಕಾಣುವುದಿಲ್ಲ. ಅಲ್ಲಿ ಗಂಧ ಕುಂಕುಮದ ಒಂದು ಬೊಟ್ಟು ದಪ್ಪಗೆ ಒಣಗಿ ಕೂತಿತ್ತು. ದೀಪವೂ ಮುಚ್ಚಿತ್ತು, ಕಣ್ಣೂ ಮುಚ್ಚಿತ್ತು.

ಅದು ಅರ್ಧಚಂದ್ರನಂತಿತ್ತು.

ನನ್ನ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದುದು ಕೇಳುತ್ತಿತ್ತು. ಹೋದ ವರ್ಷದ್ದಿರಬೇಕು ಎಂದುಕೊಂಡೆ. ಆದರೆ ಹೋದ ವರ್ಷದ್ದನ್ನು ಮಾವನವರೇ ಒರೆಸಿದ್ದರು, ಆಮೇಲೆ ತಿಂಗಳುಗಟ್ಟಲೆ ಟಿವಿ ಓಡಿತ್ತು. ಪ್ರತಿ ವರ್ಷ ಅವರು ಮಂಡಿಯೂರಿ ಕೂತು ಬೊಟ್ಟಿಡುತ್ತಿದ್ದದ್ದು ಇಲ್ಲಿಯೇ ಎಂದು ಆಗ ಹೊಳೆಯಿತು. ಪೂಜೆಯ ದಿನ ಟಿವಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ, ಅವರು ಅದರ ಕಣ್ಣನ್ನೇ ಮುಚ್ಚಿ ಮಲಗಿಸುತ್ತಿದ್ದರೆಂಬುದು ನಮಗೆ ತಿಳಿದಿರಲೇ ಇಲ್ಲ.

ಒರೆಸಲು ಕೈಯೆತ್ತಿದೆ.

"ಅದನ್ನ ಒರೆಸ್ಬೇಡ" ಎಂದರು ಅತ್ತೆ, ನನ್ನ ಹಿಂದಿನಿಂದ. ಅವರು ಯಾವಾಗ ಬಂದು ದಿವಾನದ ಮೇಲೆ ಕೂತರೋ ಗೊತ್ತಿಲ್ಲ.

"ಇದು... ಯಾರು ಅತ್ತೆ ಇಟ್ಟಿದ್ದು?"

"ಅವರ ಕೆಲಸ ಅವರು ಮಾಡಿದ್ದಾರೆ. ನೀನ್ಯಾಕೆ ಗಾಬರಿ ಬೀಳ್ತೀಯ?"

ಅವರು ಕೈಗಳನ್ನು ಮಡಿಲಲ್ಲಿ ಮಡಿಸಿಕೊಂಡಿದ್ದರು. ಉಂಗುರದ ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದರೂ, ಉಗುರಿನ ಸಂದಿಯಲ್ಲಿ ಒಂದು ಎಳೆ ಕೆಂಪು ಉಳಿದಿತ್ತು. ಆಯುಧಪೂಜೆಯ ಆ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಮುಟ್ಟುವುದಿಲ್ಲವೆಂದು ತಾವೇ ಬಿಟ್ಟ ಭರಣಿಯನ್ನು ಮುಟ್ಟಿದ್ದಾರೆ. ಆ ವಯಸ್ಸಿನಲ್ಲಿ ಮಂಡಿಯೂರಿ ಕೂತು, ಬೆರಳನ್ನು ಓರೆ ಮಾಡಿ ಒತ್ತಿದ್ದಾರೆ, ಗಂಡನ ಬೊಟ್ಟು ಹೇಗೆ ಬರುತ್ತಿತ್ತೋ ಹಾಗೆಯೇ ಬರಲೆಂದು. ಬೇರೆ ಯಾವ ಯಂತ್ರಕ್ಕೂ ಇಟ್ಟಿರಲಿಲ್ಲ, ಇದೊಂದಕ್ಕೇ. ನಾನು ಆ ಬೆರಳನ್ನು ನೋಡಿದೆ, ನೋಡಲಿಲ್ಲ ಎನ್ನುವ ಹಾಗೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ಭಯವೆಲ್ಲ ಇಳಿದುಹೋಗಿತ್ತು.

ಹೋಗಿ ಅತ್ತೆಯ ಪಕ್ಕ ದಿವಾನದ ಮೇಲೆ ಕೂತೆ. ಹೊತ್ತು ಮುಳುಗುತ್ತಿತ್ತು. ಅವರು ನೋಡುತ್ತಿದ್ದ ಕಡೆಗೇ ನಾನೂ ನೋಡಿದೆ.

ಗಾಜಿನೊಳಗೆ ನಮ್ಮ ನಡುಮನೆ ಇತ್ತು, ಕಪ್ಪಗೆ, ದೂರದಲ್ಲಿ. ಮುಂದೆ ಅತ್ತೆ, ನಾನು. ನಮ್ಮ ಹಿಂದೆ ಬೆತ್ತದ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಭುಜ ಕಾಣುತ್ತಿತ್ತು, ಸ್ವಲ್ಪ ಬಾಗಿದ ತಲೆ ಕಾಣುತ್ತಿತ್ತು.

ಕಷ್ಟಪಟ್ಟು ಹಿಂದಿರುಗಿ ನೋಡಿದೆ. ಕುರ್ಚಿ ಖಾಲಿ. ಕುರ್ಚಿಯ ಮೇಲಿನ ಗೂಟಕ್ಕೆ ಮಾವನವರ ಫ್ಯಾಕ್ಟರಿಯ ಬೂದು ಕೋಟು, ಅದರ ಮೇಲೆ ಅವರ ಮಂಕಿ ಟೋಪಿ ತೂಗುತ್ತಿದ್ದವು. ಅವು ಅಲ್ಲಿ ಎಂದಿನಿಂದಲೂ ಇವೆ, ತೆಗೆಯಲು ನಮಗ್ಯಾರಿಗೂ ಮನಸ್ಸು ಬಂದಿರಲಿಲ್ಲ. ಸರಿ ಹಾಗಾದರೆ, ಪತನ ಕೋನ, ಪ್ರತಿಫಲನ ಕೋನ, ಎಲ್ಲ ಲೆಕ್ಕ ಸರಿಹೋಯಿತು. ಮತ್ತೆ ಗಾಜಿನ ಕಡೆ ತಿರುಗಿದೆ.

"ಈ ಹುಡುಗಿ ಹೆದರ್ಕೊಂಡ್ಲು ನೋಡಿ. ಅಲ್ವೇನ್ರೀ?" ಎಂದರು ಅತ್ತೆ, ಗಾಜಿಗೆ.

ಗಾಜಿನೊಳಗಿನ ಆ ತಲೆ ಮೆಲ್ಲಗೆ ಆಡಿತು.

ಹಿಂದುಗಡೆಯ ಪ್ರೆಸ್ ಓಡುತ್ತಿತ್ತು. ಅದರ ಪ್ರತಿ ಏಟಿಗೂ ಗೋಡೆ ಅದುರುತ್ತದೆ, ಗೋಡೆಗೆ ಬ್ರಹ್ಮಗಂಟು ಹಾಕಿದ ಟಿವಿ ಅದುರುತ್ತದೆ, ಗಾಜಿನೊಳಗಿನದೆಲ್ಲ ತಲೆದೂಗುತ್ತದೆ. ಇದನ್ನು ನಾನು ಮನಸ್ಸಿನಲ್ಲೇ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದೆ. ಅಷ್ಟರಲ್ಲಿ ಅತ್ತೆ ನನ್ನ ಮೊಣಕೈ ಮುಟ್ಟಿ, ಬಹಳ ಸಹಜವಾಗಿ, "ಸ್ವಲ್ಪ ಆ ಕಡೆ ಸರ್ಕೋ ವನಜಾ. ಅವರಿಗೆ ಅಡ್ಡ ಕೂತಿದ್ದೀಯ" ಎಂದರು. ನಾನು ಸರಿಯಲಿಲ್ಲ, ಎದ್ದು ಅಡುಗೆಮನೆಗೆ ಓಡಿದೆ. ಬೇಡದ ಕುಕ್ಕರನ್ನು ಇಟ್ಟು, ಅದು ಕೂಗುವ ತನಕ ಅದರ ಪಕ್ಕದಲ್ಲೇ ನಿಂತೆ.

ಭಾನುವಾರ ನಮ್ಮವರು ಸ್ಪ್ಯಾನರ್ ಹಿಡಿದು ಬಂದರು. ಬೊಟ್ಟಿನ ಸಂಗತಿಯನ್ನು ನಾನು ಅವರಿಗೆ ಹೇಳಿರಲಿಲ್ಲ, ಹೇಳಲು ಬಾಯಿ ಬಂದಿರಲಿಲ್ಲ. ಅತ್ತೆ ದಿವಾನದ ಮೇಲೆ ಕೂತು ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ತಡೆಯಲಿಲ್ಲ. ಮಾವ ಹೋದ ದಿನದ ಮುಖ ಅವರಿಗೆ ಮತ್ತೆ ಬಂದಿತ್ತು. ಮೇಲಿನ ಬೋಲ್ಟುಗಳು ಬಿಚ್ಚಿದವು. ಕೆಳಗಿನವಕ್ಕೆಂದು ನಮ್ಮವರು ಮಂಡಿಯೂರಿ ಕೂತು ಕತ್ತು ಹೊರಳಿಸಿದರು. ಹಾಗೇ ಕೂತುಬಿಟ್ಟರು.

ಅಪ್ಪನ ಬೊಟ್ಟನ್ನು ಮಗ ಗುರುತಿಸದೆ ಇರುತ್ತಾನೆಯೇ? ಸ್ಲೇಟಿನಿಂದ ಹಿಡಿದು ಸೈಕಲ್ಲಿನ ತನಕ ಅವರ ಎಲ್ಲ ವಸ್ತುಗಳಿಗೂ ಅದೇ ಅರ್ಧಚಂದ್ರ ಬಿದ್ದಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ತಾಯಿಯ ಕಡೆ ನೋಡಿದರು, ಅವರ ಕೈ ಕಡೆ ನೋಡಿದರು. ನಮ್ಮವರಿಗೆ ಎಷ್ಟು ತಿಳಿಯಿತೋ ನಾನು ಇವತ್ತಿಗೂ ಕೇಳಿಲ್ಲ. ಎದ್ದು, ಬಿಚ್ಚಿದ ಬೋಲ್ಟುಗಳನ್ನು ಒಂದೊಂದಾಗಿ ಮತ್ತೆ ಬಿಗಿದರು.

"ಇಳಿಸಲ್ವೇನ್ರೀ?" ಎಂದೆ.

"ಬೇಡ ಬಿಡು" ಎಂದರು. "ಅಪ್ಪ ಅದಕ್ಕೆ ರಜೆ ಕೊಟ್ಟಿದ್ದಾರೆ. ಅವರು ಒರೆಸೋ ತನಕ ನಾವ್ಯಾರು ಹಾಕೋಕೆ?"

ಸ್ಪ್ಯಾನರ್ ಒಳಗಿಟ್ಟು ಬಂದು, ರಿಮೋಟನ್ನು ನನ್ನ ಕೈಗೆ ಕೊಟ್ಟು, ಎಲ್ಲಾದರೂ ಇಡು ಎಂದರು. ಹೀಗೆ ಅದು ಸಾಸಿವೆ ಡಬ್ಬಿಯ ಪಕ್ಕ ಸೇರಿತು. ಇದಿಷ್ಟೇ ಆಗಿದ್ದರೆ ಒಗ್ಗರಣೆ ಸೌಟನ್ನು ಮತ್ತೆ ಒಲೆಗಿಡಬಹುದಿತ್ತು.

ಅದೇ ಸಂಜೆ ನಾನು ಅತ್ತೆಯ ಪಕ್ಕ ಹೋಗಿ ಕೂತೆ. ಹೆದರಿ ಓಡಿದ್ದಕ್ಕೆ ನಾಚಿಕೆಯಾಗಿತ್ತು. ಲೈಟ್ ಹಾಕಲಿಲ್ಲ. ಗಾಜಿನೊಳಗೆ ಎಲ್ಲರೂ ಅವರವರ ಜಾಗದಲ್ಲಿದ್ದೆವು. ಅತ್ತೆ ಮಾತಾಡುತ್ತಿದ್ದರು. ಮಲ್ಲವ್ವ ಬಿಂದಿಗೆಯನ್ನು ಮೆಟ್ಟಿಲಿಗೆ ತಾಗಿಸುತ್ತಾಳೆಂದು, ಒಣಗಿಹೋದ ಕೊತ್ತಂಬರಿ ಮಡಿಗೆ ಮತ್ತೆ ಬೀಜ ಹಾಕಬೇಕೆಂದು, ಮಗ ಬೋಲ್ಟು ಬಿಚ್ಚಲು ಬಂದವನು ಹೇಗೆ ಸುಮ್ಮನಾದನೆಂದು. ಕೊನೆಗೆ ಅವರ ದನಿ ಇಳಿಯಿತು.

"ಅವತ್ತು ನಾನು ತಿರುಗಿ ನೋಡ್ಲಿಲ್ಲ" ಎಂದರು ಗಾಜಿಗೆ. "ನೋಡಬೇಕಿತ್ತು. ಆ ಹಾಳು ಟಿವಿ ನೋಡ್ತಾ ಕೂತಿದ್ದೆ. ಕೋಪ ಇಲ್ಲ ತಾನೇ? ಅಲ್ವೇನ್ರೀ?"

ಭಾನುವಾರ. ಹಿಂದುಗಡೆಯ ಪ್ರೆಸ್ ನಿಂತಿತ್ತು. ಅಡುಗೆಮನೆಯ ಲೋಟಗಳು ಸುಮ್ಮನಿದ್ದವು, ನೆಲ ಸುಮ್ಮನಿತ್ತು. ಕಂಪ್ರೆಸರ್ ಸಹ ಎಲ್ಲೂ ಗೊರಗುಟ್ಟುತ್ತಿರಲಿಲ್ಲ.

ನಮ್ಮ ಹಿಂದೆ ಬೆತ್ತ ಕಿರ್ರ್ ಎಂದಿತು.

ಸಂಜೆಯ ತಂಪಿಗೆ ಬೆತ್ತ ಬಿಗಿಯುತ್ತದೆ, ಬಿಗಿದಾಗ ಸದ್ದು ಮಾಡುತ್ತದೆ. ಮಕ್ಕಳು ಕೇಳಿದರೆ ಹಾಗೆಯೇ ಹೇಳುತ್ತೇನೆ. ಅತ್ತೆ ಕಣ್ಣೊರೆಸಿಕೊಂಡು, ಎಷ್ಟೋ ತಿಂಗಳಿಂದ ಹಿಡಿದಿಟ್ಟಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟರು. ನಾನು ಹಿಂದಿರುಗಿ ನೋಡಲಿಲ್ಲ. ಅತ್ತೆ ಹೇಳುವ ಮೊದಲೇ, ದಿವಾನದ ತುದಿಗೆ ಸ್ವಲ್ಪ ಸರಿದು ಕೂತೆ.